ಯಾರ ಮನೆಯಲ್ಲಿ ಬೆಂಕಿ

ಲಿಯೆಕ್ಸಾ ಊರಿನ ಆಸ್ಪತ್ರೆ, ಫೆಬ್ರವರಿ, ಬೆಳಗಿನ ಏಳೂವರೆ.
ಹೊರಗಿನ್ನೂ ಕತ್ತಲು.
ನಾನು ರಕ್ತ ತೆಗೆಯುವವಳು, ಹೆಲ್ಲೆವಿ.
ಮೂವತ್ತೊಂದು ವರ್ಷದಿಂದ ಈ ಊರಿನವರ ಮೊಣಕೈಗಳ ಒಳಮಗ್ಗುಲು
ನನಗೆ ಮುಖಕ್ಕಿಂತ ಚೆನ್ನಾಗಿ ಗೊತ್ತು.

ಇವತ್ತು ಮೊದಲು ಬಂದವನು ತಾವೆತ್ತಿ ಪೆಲ್ಕೊನೆನ್,
ಎಪ್ಪತ್ತಾರು. ಹೊಳೆಯಲ್ಲಿ ತೊಲೆ ತೇಲಿಸುತ್ತಿದ್ದವನು,
ತೊಲೆಗಳ ಕಾಲ ಮುಗಿದ ಮೇಲೆ ಬಸ್ಸು ಓಡಿಸಿದವನು.
ಅಪ್ಪ ಹೋದದ್ದು ನಲವತ್ತೆಂಟಕ್ಕೆ, ಹುಲ್ಲು ಕೊಯ್ಯುತ್ತ.
ಅಣ್ಣ ಐವತ್ತೊಂದಕ್ಕೆ, ಸೌನಾದ ಮೆಟ್ಟಿಲ ಮೇಲೆ.
ಇನ್ನೊಬ್ಬ ಅಣ್ಣನ ಮಾತು ಅವನು ಎತ್ತುವುದಿಲ್ಲ.
ಆ ಕಾಲದಲ್ಲಿ ಇಲ್ಲಿ ಗಂಡಸರು ಹಾಗೇ ಹೋಗುತ್ತಿದ್ದರು,
ಬ್ರೆಡ್ಡಿಗೆ ಬೆರಳುದಪ್ಪ ಬೆಣ್ಣೆ ಬಳಿದು,
ಏನೂ ಹೇಳದೆ, ಕೈಲಿದ್ದದ್ದನ್ನು ಹಾಗೇ ಬಿಟ್ಟು.

ಬೆಣ್ಣೆಯೇ ಕೊಲೆಗಾರ ಎಂದುಕೊಂಡಿದ್ದೆವು ಬಹಳ ದಿನ,
ಕೊಳಾಯಿ ಕಟ್ಟಿದ ಹಾಗೆ, ಅಷ್ಟೇ.
ತಾವೆತ್ತಿ ಒಪ್ಪಿರಲಿಲ್ಲ:
"ಹೊಳೆ ಕಟ್ಟುವುದು ಇಕ್ಕಟ್ಟಿರುವಲ್ಲೇ ಅಲ್ಲ, ಹುಡುಗಿ.
ಅಗಲವಿದ್ದಲ್ಲೂ ಒಂದೇ ಒಂದು ತೊಲೆ ಅಡ್ಡ ತಿರುಗಿದರೆ
ಹಿಂದಿನ ಸಾವಿರ ಬಂದು ಮೈಮೇಲೆ ಬೀಳುತ್ತವೆ."

ಸರಿಯೇ ಹೇಳಿದ್ದ.
ರಕ್ತನಾಳದ ಗೋಡೆಯೊಳಗೆ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ.
ತಿಂದು ತೀರಿಸುತ್ತೇವೆಂದು ಬಿಳಿಯ ಕಣಗಳು ನುಗ್ಗುತ್ತವೆ,
ತಿಂದು ತಿಂದು ನೊರೆಯಂತೆ ಉಬ್ಬುತ್ತವೆ,
ಅಲ್ಲೇ ಸಾಯುತ್ತವೆ, ಸಾಯುತ್ತ ಇನ್ನಷ್ಟು ಜನರನ್ನು ಕೂಗುತ್ತವೆ.
ಮೇಲೆ ಹಾಲಿನ ಕೆನೆಯಷ್ಟು ತೆಳ್ಳನೆ ಪೊರೆ.
ಉರಿ ಇದೆ, ಊತ ಇದೆ, ಎರಡೂ ಸೇರಿ ಉರಿಯೂತ;
ನೋವು ಮಾತ್ರ ಇಲ್ಲ.
ತುಳಿದ ಮೇಲಷ್ಟೇ ಗೊತ್ತಾಗುವ
ಬೂದಿ ಮುಚ್ಚಿದ ಕೆಂಡ.

ನನ್ನ ಕಾಗದದಲ್ಲಿ ಅವನಿಗೆ ಎರಡು ಅಂಕಿ.
ಒಂದು ಕೊಲೆಸ್ಟ್ರಾಲಿನದು. ಅದು ಸೌದೆಯ ಲೆಕ್ಕ.
ಇನ್ನೊಂದು ಸಿಆರ್‌ಪಿ, ಲಿವರು ಹೊರಡಿಸುವ ಪ್ರೋಟೀನು,
ಊರ ಚಾಡಿಕೋರನ ಹಾಗೆ:
ಎಲ್ಲೋ ಬೆಂಕಿ ಬಿದ್ದಿದೆ ಅನ್ನುತ್ತದೆ,
ಯಾರ ಮನೆಯಲ್ಲಿ ಅಂತ ಹೇಳುವುದಿಲ್ಲ.

ಮಾತ್ರೆ ಶುರುವಾದ ವರ್ಷ ಸೌದೆ ಅರ್ಧಕ್ಕಿಳಿಯಿತು.
ಆರರಲ್ಲಿದ್ದ ಚಾಡಿ ಎರಡಕ್ಕೆ.
ಸೌದೆ ಕಡಿಮೆಯಾಗಿ ಉರಿ ತಗ್ಗಿತೋ,
ಸೌದೆ ಹೊರಲು ಬಂದ ಕೂಲಿಯವನು
ಹೋಗುವಾಗ ಒಂದು ಚೊಂಬು ನೀರೂ ಎರಚಿಹೋದನೋ,
ಡಾಕ್ಟರುಗಳು ಇನ್ನೂ ಜಗಳವಾಡುತ್ತಾರೆ.
ಹೆಲ್ಸಿಂಕಿಯಿಂದ ಬಂದಿದ್ದ ಎಳೆ ಡಾಕ್ಟರು
ಎರಡೂ ಇರಬಹುದು ಅಂದ, ಕಾಫಿ ಆರಿಸಿಕೊಳ್ಳುತ್ತ.
ಕೆಲವರಲ್ಲಿ ಸೌದೆ ತೀರಿದರೂ ಕೆಂಡ ಹಾಗೇ ಇರುತ್ತದಂತೆ.
ಪೊರೆ ಮಾತ್ರ ದಪ್ಪವಾಗುತ್ತದೆ, ಹಳೆ ಗಾಯದ ಕಲೆಯಂತೆ ಗಟ್ಟಿ.
ವಾಸಿಯಾಗುವುದೆಂದರೆ ಬಹಳ ಸಲ ಅಷ್ಟೇ,
ಬಿರಿಯದೆ ಇರುವುದು.

ಇವತ್ತಿನ ಕೊಳವೆ ಹನ್ನೊಂದಕ್ಕೆ ಬಾಯಿಬಿಟ್ಟಿತು.
ಸೌದೆ ನಾಲ್ಕೂ ಮುಕ್ಕಾಲು. ಚಾಡಿ ಐದು.
ಫೋನು ಮಾಡುವುದು ನನ್ನ ಕೆಲಸವಲ್ಲ. ಮಾಡಿದೆ.
ನೆಗಡಿಯಾ? ಇಲ್ಲ. ಹಲ್ಲುನೋವಾ? ಹಲ್ಲೇ ಇಲ್ಲ.
ಬಿದ್ದೆಯಾ, ಪೆಟ್ಟಾಯಿತಾ? ಇಲ್ಲ.
ಆಮೇಲೆ ಆ ಕಡೆಯಿಂದ ಉಸಿರು ಮಾತ್ರ,
ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನಿಗೆ ಕಾದು ಕೂತವನ ಉಸಿರು.
"ಮೀನಖಂಡ ನೋಯುತ್ತಿತ್ತು" ಅಂದ.
"ನಿಂತು ಐಸು ಕೊರೆಯಲಾಗುತ್ತಿರಲಿಲ್ಲ.
ಡಿಸೆಂಬರಿನಿಂದ ಮಾತ್ರೆ ಡಬ್ಬಿಯಲ್ಲೇ ಇದೆ."

ಬೈಯಲಿಲ್ಲ. ಕಾಲುನೋವೂ ಸುಳ್ಳಲ್ಲ.
ಕಡಿಮೆ ಅಳತೆಯದ್ದಿದೆ, ಬೇರೆ ಮಾತ್ರೆಯೂ ಇದೆ,
ಡಾಕ್ಟರನ್ನು ಕೇಳು ಅಂದೆ.
"ಕಾಲು ನೋಯುತ್ತಿತ್ತು, ಎದೆ ನೋಯುತ್ತಿರಲಿಲ್ಲವಲ್ಲ."
ಅದೇ ತೊಂದರೆ, ತಾವೆತ್ತಿ.

ಏಪ್ರಿಲ್‌ನಲ್ಲಿ ಮತ್ತೆ ಬಂದ. ಚಾಡಿ ಎರಡೂವರೆ.
ಕಾಗದ ಕೊಡು ಅಂದ.
ಗೋಡೆಗೆ ಅಂಟಿಸುತ್ತೀಯಾ ಅಂದೆ.
"ಸೌನಾದ ಒಲೆಗೆ. ಬರ್ಚ್ ಸೌದೆ ಒದ್ದೆಯಾಗಿದೆ,
ಕಾಗದವಿಲ್ಲದೆ ಹತ್ತುವುದಿಲ್ಲ."

ಅಣ್ಣ ಕೂತಿದ್ದ ಮೆಟ್ಟಿಲ ಮೇಲೇ ಅವನು ಕೂರುವುದು,
ಊರಿಗೆಲ್ಲ ಗೊತ್ತು.

ಮುಂದಿನವರು ಯಾರು? ಬನ್ನಿ.
ತೋಳು ಮಡಿಸಿಕೊಳ್ಳಿ.